ಗೋಲು, ಗಲಾಟೆ ಮತ್ತು ನಾವು

ಪುಣೆಯಿಂದ ನಗರ ರಸ್ತೆ ಹಿಡಿದು ಸುಮಾರು ಐವತ್ತು ಕಿಲೋಮೀಟರು ಬಂದರೆ ರಾಂಜಣಗಾಂವ. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರೆಂದು ಭಕ್ತರಿಗೂ, ಎಂ.ಐ.ಡಿ.ಸಿ. ಕಾರ್ಖಾನೆಗಳ ಊರೆಂದು ಹೊಟ್ಟೆಪಾಡಿನವರಿಗೂ ಇದು ಪರಿಚಿತ. ಚತುರ್ಥಿಯ ದಿನ ಇಲ್ಲಿ ಸೇರುವ ಜನವನ್ನು ನೋಡಬೇಕು. ಎಷ್ಟೇ ಒತ್ತಡವಿರಲಿ, ಅಷ್ಟೂ ಮಂದಿ ಒಬ್ಬನೇ ದೇವರ ಕಡೆಯವರು. ಫುಟ್‌ಬಾಲಿನ ಜಾತ್ರೆ ಹಾಗಲ್ಲ. ಅಲ್ಲಿ ದೇವರು ಇಬ್ಬರು, ಭಕ್ತವೃಂದ ಎರಡು, ಗರ್ಭಗುಡಿ ಮಾತ್ರ ಒಂದೇ. ಒಬ್ಬ ದೇವರು ಪ್ರಸನ್ನನಾದನೆಂದರೆ ಇನ್ನೊಬ್ಬನ ಭಕ್ತರಿಗೆ ಅಂದು ಉಪವಾಸ.

ಗುಮಾಸ್ತಗಿರಿ ಮಾಡಿಕೊಂಡಿರುವ ನಮಗೆ ಈ ಜಾತ್ರೆಯ ಉಸಾಬರಿ ಏಕೆ ಬಂತು ಎಂದು ಓದುಗರು ಕೇಳಬಹುದು. ನಮ್ಮ ವಸತಿ ಸಮುಚ್ಚಯವೇ ಒಂದು ಭಾರತದ ನಕಾಶೆ. ಮರಾಠಿ ಮನೆಗಳ ಮಗ್ಗುಲಲ್ಲಿ ಬಂಗಾಳಿಗಳು, ಬಿಹಾರದವರು, ಮಲಯಾಳಿಗಳು. ಕನ್ನಡದ ಮನೆಗಳು ಏಳು. ವಿಜಾಪುರ, ಬೆಳಗಾವಿ ಕಡೆಯವರೇ ಹೆಚ್ಚು, ಎರಡು ಮನೆ ಮಾತ್ರ ಬೆಂಗಳೂರಿನವರದು. ಗಂಡಸರಲ್ಲಿ ಬಹಳ ಮಂದಿ ಪಾಳಿಯ ಕೆಲಸದವರು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಕುರ್ಚಿ ಹಿಡಿದ ನಾವೊಬ್ಬರೇ ಬೆಳಿಗ್ಗೆ ಹೋಗಿ ಸಂಜೆ ತಪ್ಪದೆ ಬರುವವರು. ಸಂಜೆ ಬಿಡುವಿರುವವನ ತಲೆಗೇ ಊರಿನ ಕೆಲಸ ಬರುವುದು ಲೋಕರೂಢಿ.

2022ರ ವಿಶ್ವಕಪ್ಪಿನ ಕಾಲ. ಕೋಳಿಕೋಡ್ ಬಳಿಯ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಇವರ ಆಳೆತ್ತರ ಮೀರಿದ ಚಿತ್ರಗಳನ್ನು ನಿಲ್ಲಿಸಿದ್ದ ಸುದ್ದಿ ನಿಮಗೆಲ್ಲ ನೆನಪಿದ್ದೀತು. ಹೊಳೆ ಇಲ್ಲದ ನಮ್ಮಲ್ಲಿ ಕೆಳಗಿನ ಹಾಲ್ ಇತ್ತು. ಗಣಪತಿ ಕೂರಿಸುವ ಆ ಹಾಲ್‌ನಲ್ಲಿ ಪರದೆ ಕಟ್ಟಿ ಆಟ ತೋರಿಸುವ ಏರ್ಪಾಡಾಯಿತು. ಡಿಸೆಂಬರ್ 9ರ ರಾತ್ರಿ ಬ್ರೆಜಿಲ್ ತಂಡ ಕ್ರೊಯೇಷ್ಯಕ್ಕೆ ಪೆನಾಲ್ಟಿಯಲ್ಲಿ ಸೋತಿತು. ಅರ್ಜೆಂಟೀನಾದ ಕಡೆಯವರು ಪಟಾಕಿ ಹಚ್ಚಿದರು, ಬ್ರೆಜಿಲ್ ಕಡೆಯವರು ಕೈ ಎತ್ತಿದರು. ಇಬ್ಬರಲ್ಲಿ ಯಾರೂ ಆ ಎರಡು ದೇಶಗಳನ್ನು ಕನಸಿನಲ್ಲಿಯೂ ಕಂಡವರಲ್ಲ! ಎರಡು ಪ್ಲಾಸ್ಟಿಕ್ ಕುರ್ಚಿ ಮುರಿದವು, ಒಬ್ಬನ ಹುಬ್ಬಿನ ಮೇಲೆ ಎರಡು ಹೊಲಿಗೆ ಬಿತ್ತು. ಮರುದಿನ ಸೊಸೈಟಿಯ ಅಧ್ಯಕ್ಷರು ಹಾಲ್‌ಗೆ ಬೀಗ ಹಾಕಿದರು. ಹುಡುಗರು ಬೇಡಿಕೊಂಡ ಮೇಲೆ, "ಈ ಸಾಹೇಬರು ಸರ್ಕಾರಿ ಮಾಣೂಸ್, ಯಾವ ಪಾರ್ಟಿಗೂ ಸೇರಿದವರಲ್ಲ. ಇವರು ಜವಾಬುದಾರಿ ಹೊತ್ತರೆ ತೆಗೆಯುತ್ತೇನೆ" ಎಂದು ನಮ್ಮ ಕಡೆ ಬೆರಳು ತೋರಿಸಿದರು. ನಮ್ಮ ಮನೆಯವರು, "ಆಫೀಸಿನ್ಯಾಗ ಫೈಲ್ ಸರಸೂದು ಸಾಲಲಿಲ್ಲೇನ್ರೀ, ಇಲ್ಲಿ ಕುರ್ಚಿ ಸರಸಾಕ ಹೊಂಟ್ರಿ?" ಎಂದರು. ಆದರೂ ಬೀಗದ ಕೈ ನಮ್ಮ ಜೇಬಿಗೆ ಬಂತು.

ಜವಾಬುದಾರಿ ಬಂದ ಮೇಲೆ ಹಿಂದಿನ ಫೈಲುಗಳನ್ನು ತಿರುವಿ ನೋಡುವುದು ಗುಮಾಸ್ತನ ಜಾತಿಧರ್ಮ. ಮೂರನೆಯ ಮಹಡಿಯ ಬಂಗಾಳಿ ವೃದ್ಧರೊಬ್ಬರು ಮೊದಲ ಪಾಠ ಹೇಳಿದರು. 1980ರ ಆಗಸ್ಟ್ 16ರಂದು ಕಲಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಲೀಗ್ ಪಂದ್ಯ. ಎರಡೂ ಕಡೆಯವರು ಒಂದೇ ಗ್ಯಾಲರಿಯಲ್ಲಿ ಒತ್ತೊತ್ತಾಗಿ ಕುಳಿತಿದ್ದರು. ಮೈದಾನದಲ್ಲಿ ಇಬ್ಬರು ಆಟಗಾರರು ಡಿಕ್ಕಿಯಾಡಿ ಹೊರದೂಡಿಸಿಕೊಂಡರು. ಮೇಲೆ ಹೊಡೆದಾಟ ಹತ್ತಿಕೊಂಡಿತು, ಜನ ಓಡಿದರು, ಬಿದ್ದವರ ಮೇಲೆ ಇನ್ನಷ್ಟು ಜನ ಬಿದ್ದರು. ಸತ್ತವರು 16 ಮಂದಿ. ಇಂದಿಗೂ ಆ ದಿನ ಕಲಕತ್ತೆಯಲ್ಲಿ ಅವರ ನೆನಪಿಗೆ ರಕ್ತದಾನ ಮಾಡುತ್ತಾರೆ. "ಸತ್ತವರಲ್ಲಿ ಯಾರು ಯಾವ ತಂಡದವರು ಎಂದು ಈಗ ಯಾರೂ ಕೇಳುವುದಿಲ್ಲ" ಎಂದರು ವೃದ್ಧರು.

ಇದರಿಂದ ಮೊದಲ ನೀತಿ ಸಿಕ್ಕಿತು: ಎದುರಾಳಿಗಳನ್ನು ಬೇರೆ ಬೇರೆ ಕೂರಿಸಬೇಕು. ಇಷ್ಟಕ್ಕೆ ಮುಗಿಯಿತೆಂದುಕೊಂಡರೆ ಎರಡನೆಯ ಫೈಲು ಬೇರೆಯೇ ಹೇಳುತ್ತದೆ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಷೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಪಂದ್ಯ. ಅಲ್ಲಿ ಎರಡೂ ಕಡೆಯವರನ್ನು ಅಚ್ಚುಕಟ್ಟಾಗಿ ಬೇರ್ಪಡಿಸಿದ್ದರು. ಮೈದಾನಕ್ಕೆ ನುಗ್ಗದಂತೆ ಎತ್ತರದ ಕಬ್ಬಿಣದ ಬೇಲಿ ಹಾಕಿದ್ದರು. ಲಿವರ್‌ಪೂಲಿನವರಿಗೆ ಕೊಟ್ಟ ಇಕ್ಕಟ್ಟಾದ ಪ್ರವೇಶದ ಹೊರಗೆ ಜನ ಹೆಚ್ಚಾದಾಗ ಪೊಲೀಸರು ಒಂದು ಗೇಟು ತೆರೆದರು. ಜನವೆಲ್ಲ ಮೊದಲೇ ತುಂಬಿದ್ದ ನಡುವಣ ಅಂಕಣಕ್ಕೆ ನುಗ್ಗಿತು. ಮುಂದಿದ್ದವರಿಗೆ ಹೋಗಲು ದಾರಿಯಿರಲಿಲ್ಲ. 97 ಮಂದಿ ಪ್ರಾಣ ಬಿಟ್ಟರು. ಅಭಿಮಾನಿಗಳ ಪುಂಡಾಟವೇ ಕಾರಣವೆಂದು ಅಂದು ಕೂಗೆಬ್ಬಿಸಿದರು. ಅವರ ತಪ್ಪೇನೂ ಇರಲಿಲ್ಲವೆಂದು ನ್ಯಾಯಸಭೆ ಹೇಳುವ ಹೊತ್ತಿಗೆ 2016 ಬಂದಿತ್ತು.

ಇನ್ನೂ ವಿಚಿತ್ರವಾದುದು ಇಂಡೊನೇಷ್ಯದ ಮಲಾಂಗ್ ಊರಿನದು. 2022ರ ಅಕ್ಟೋಬರ್ 1ರಂದು ಅಲ್ಲಿನ ಕಂಜುರುಹಾನ್ ಕ್ರೀಡಾಂಗಣದಲ್ಲಿ ಅರೆಮಾ ಮತ್ತು ಪರ್ಸೆಬಾಯ ಎಂಬ ಬದ್ಧವೈರಿಗಳ ಪಂದ್ಯ. ಗಲಾಟೆಯ ಭಯದಿಂದ ಪರ್ಸೆಬಾಯ ಅಭಿಮಾನಿಗಳನ್ನು ಬರಲೇ ಬಿಟ್ಟಿರಲಿಲ್ಲ. ಅರೆಮಾ ಸೋತಾಗ ಅದರ ಜನ ಮೈದಾನಕ್ಕಿಳಿದರು. ಪೊಲೀಸರು ಗ್ಯಾಲರಿಯ ಕಡೆಗೂ ಅಶ್ರುವಾಯು ಹಾರಿಸಿದರು. ಕಣ್ಣುರಿಯಿಂದ ಓಡಿದವರು ಬಾಗಿಲುಗಳಲ್ಲಿ ಸಿಕ್ಕಿಕೊಂಡರು. ಸತ್ತವರು 135. ಎದುರಾಳಿಯ ಕಡೆಯ ಒಬ್ಬನೂ ಅಲ್ಲಿರಲಿಲ್ಲ.

ಓದಿದ ಬಿ.ಎಸ್ಸಿ. ನಮ್ಮ ಕಚೇರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದದ್ದಿಲ್ಲ. ಇಲ್ಲಿ ಬಂತು. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರಿದ್ದರೆ ಅವರು ಮನುಷ್ಯರು. ತಮ್ಮ ಇಷ್ಟದಂತೆ ನಡೆಯುತ್ತಾರೆ. ಆರೇಳು ಮಂದಿ ಸೇರಿದರೆಂದರೆ ಅವರು ದ್ರವ. ಹಿಂದಿನಿಂದ ಬಂದ ಒತ್ತಡ ಮುಂದಕ್ಕೆ ಅಲೆಯಾಗಿ ಹೋಗುತ್ತದೆ; ನಡುವಿನವನು ಎಷ್ಟೇ ಸಭ್ಯನಾಗಿರಲಿ, ನಿಲ್ಲಲಾರ. ಬಹಳ ಮಂದಿ ಸಾಯುವುದು ತುಳಿತದಿಂದಲ್ಲ, ನಿಂತಲ್ಲಿಯೇ ಎದೆ ಹಿಗ್ಗಲು ಎಡೆಯಿಲ್ಲದೆ ಉಸಿರು ಕಟ್ಟಿ. ಹಿಂದಿನವನಿಗೆ ಮುಂದೆ ಏನಾಗುತ್ತಿದೆಯೆಂದೇ ಗೊತ್ತಿರುವುದಿಲ್ಲ; ಅವನಿಗೆ ಗೋಲು ನೋಡುವ ಅವಸರ ಅಷ್ಟೆ. ಆದ್ದರಿಂದ ರೋಗಗಳು ಎರಡು: ಸಿಟ್ಟು ಒಂದು, ಇಕ್ಕಟ್ಟು ಇನ್ನೊಂದು. ಸಿಟ್ಟು ಕುರ್ಚಿ ಮುರಿಯುತ್ತದೆ, ಹುಬ್ಬು ಒಡೆಯುತ್ತದೆ. ಇಕ್ಕಟ್ಟು ಕೊಲ್ಲುತ್ತದೆ. ಸಿಟ್ಟಿಗೆಂದು ಹಾಕಿದ ಬೇಲಿ, ಬೀಗ ಇಕ್ಕಟ್ಟಿಗೆ ದಾರಿಯಾಗಬಾರದು. ಬೇರೆ ಕೂರಿಸಿ, ಆದರೆ ಬಾಗಿಲು ತೆರೆದಿಡಿ. ನಾವು ಕಲಿತದ್ದು ಇಷ್ಟೆ.

ಈ ಸೂತ್ರದ ಮೇಲೆ ಹಾಲ್‌ಗೆ ಐದು ನಿಯಮ ಬರೆದು ಅಂಟಿಸಿದೆವು. ನೂರಕ್ಕಿಂತ ಹೆಚ್ಚು ಕುರ್ಚಿ ಇಲ್ಲ, ನಿಲ್ಲುವವರಿಗೆ ಪ್ರವೇಶವಿಲ್ಲ. ಒಂದು ಕಡೆಯವರು ಮೆಟ್ಟಿಲಿನ ಬಾಗಿಲಿಗೆ ಹತ್ತಿರ, ಇನ್ನೊಂದು ಕಡೆಯವರು ವಾಹನ ನಿಲ್ಲಿಸುವ ಬಾಗಿಲಿಗೆ ಹತ್ತಿರ, ನಡುವೆ ನಾಲ್ಕು ಅಡಿ ಓಣಿ. ಆಟ ಮುಗಿಯುವವರೆಗೆ ಎರಡೂ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಪಟಾಕಿ, ಗಾಜಿನ ಸೀಸೆ ಒಳಗೆ ಬರುವಂತಿಲ್ಲ. ಐದನೆಯದು ಮುಖ್ಯವಾದುದು: ಒಂದು ಕಡೆಯ ಹುಡುಗ ಹದ್ದು ಮೀರಿದರೆ ಅದೇ ಕಡೆಯ ಹಿರಿಯರೇ ಅವನನ್ನು ಗದರಿಸಬೇಕು, ಎದುರಿನವರು ಬಾಯಿ ಬಿಡಬಾರದು. ಡಿಸೆಂಬರ್ 18ರ ಅಂತಿಮ ಪಂದ್ಯ, ಅರ್ಜೆಂಟೀನಾ ಮತ್ತು ಫ್ರಾನ್ಸ್ 3-3 ಆಗಿ ಪೆನಾಲ್ಟಿಗೆ ಹೋದರೂ, ಒಂದು ಕುರ್ಚಿಯೂ ಮುರಿಯದೆ ಮುಗಿಯಿತು.

ನಿಜವಾದ ಪರೀಕ್ಷೆ ಬಂದದ್ದು 2023ರ ಮಾರ್ಚ್ 3ರಂದು. ಬೆಂಗಳೂರು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ಐ.ಎಸ್.ಎಲ್. ನಾಕೌಟ್ ಪಂದ್ಯ. ಈ ಸಲ "ಯಾವ ಪಾರ್ಟಿಗೂ ಸೇರದ" ಸರ್ಕಾರಿ ಮಾಣೂಸ್ ನೀಲಿ ಅಂಗಿ ತೊಟ್ಟ ಮಗನ ಪಕ್ಕದಲ್ಲಿ ಕುಳಿತಿದ್ದರು! ಓಣಿಯ ಆಚೆ ಹಳದಿ ಅಂಗಿಗಳ ನಡುವೆ ನಮ್ಮ ಎದುರು ಮನೆಯ ಮಲಯಾಳಿ ಮಿತ್ರರು. ಅವರು ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು, ಅವರ ಪತ್ನಿ ದಾದಿ. 2021ರ ಎರಡನೆಯ ಅಲೆಯಲ್ಲಿ ನಮ್ಮ ತಾಯಿಯವರಿಗೆ ಉಸಿರಾಟ ಕಷ್ಟವಾದಾಗ ಹನ್ನೊಂದು ರಾತ್ರಿ ಗಂಟೆಗೊಮ್ಮೆ ಬಾಗಿಲು ತಟ್ಟಿ ನೋಡಿಕೊಂಡು ಹೋದ ತಾಯಿ ಆಕೆ. ನಮ್ಮಿಬ್ಬರ ಬಾಗಿಲುಗಳ ನಡುವೆ ಅಂತರ ಐದು ಅಡಿ. ಆ ರಾತ್ರಿ ಹಾಲ್‌ನಲ್ಲಿ ಒಂದು ಕೆಟ್ಟ ಮಾತು ಹಾರಿದರೆ ಆ ಐದು ಅಡಿ ಎಷ್ಟು ಉದ್ದವಾದೀತೆಂಬ ಅಳುಕು ನಮಗಿತ್ತು.

ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಗೋಲಿ ಇನ್ನೂ ತನ್ನವರನ್ನು ಗೋಡೆಯಾಗಿ ನಿಲ್ಲಿಸುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಹಾಕಿದರು. ರೆಫರಿ ಗೋಲು ಕೊಟ್ಟರು. ಕೇರಳದ ತರಬೇತುದಾರ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದುಕೊಂಡರು. ನಮ್ಮ ಕಡೆ ಶಿಳ್ಳೆ, ಆ ಕಡೆ "ಚತಿ, ಚತಿ" ಎಂಬ ಕೂಗು. ಮೋಸವೆಂದು ಅರ್ಥ. ಬೆಂಗಳೂರಿನ ಹುಡುಗನೊಬ್ಬ ಎದ್ದು ನಿಂತು ಕೇರಳದವರ ಬಗ್ಗೆ ಏನೋ ಹೇಳಲು ಬಾಯಿ ತೆರೆದ. ನಾವು ಅವನ ತೋಳು ಹಿಡಿದು ಕೂರಿಸಿ, "ತಮ್ಮಾ, ಗೋಲು ಛೆಟ್ರಿ ಹೊಡೆದದ್ದು, ನೀನಲ್ಲ" ಎಂದೆವು. ಅದೇ ಹೊತ್ತಿಗೆ ಓಣಿಯ ಆಚೆ ನಮ್ಮ ಮಿತ್ರರು ಕುರ್ಚಿ ಎತ್ತಿದ್ದ ಯುವಕನಿಗೆ ಮಲಯಾಳದಲ್ಲಿ ಏನೋ ಹೇಳಿದರು. ಕುರ್ಚಿ ಕೆಳಗಿಳಿಯಿತು.

ಅನಂತರದ ಇಪ್ಪತ್ತು ನಿಮಿಷ ಗೋಲಿಗಿಂತ ಕಷ್ಟದ್ದು. ಮೈದಾನದಲ್ಲಿ ಆಟವಿಲ್ಲ, ತೀರ್ಪೂ ಇಲ್ಲ. ಸುದ್ದಿ ಇಲ್ಲದ ಕಡೆ ಗಾಳಿಸುದ್ದಿ ಹುಟ್ಟುತ್ತದೆ. ಪಂದ್ಯ ರದ್ದಾಯಿತೆಂದು ಒಬ್ಬ, ಮತ್ತೆ ಆಡಿಸುತ್ತಾರೆಂದು ಇನ್ನೊಬ್ಬ. ನಾವು ಎದ್ದು ಹಿಂದಿಯಲ್ಲಿ, ಗೊತ್ತಿರುವಷ್ಟನ್ನು ಹೇಳಿದೆವು: "ರೆಫರಿ ಗೋಲು ಕೊಟ್ಟಿದ್ದಾರೆ, ಕೇರಳದವರು ಹೊರಗಿದ್ದಾರೆ, ತೀರ್ಮಾನ ಬಂದಿಲ್ಲ, ಬಂದ ಕೂಡಲೆ ಹೇಳುತ್ತೇವೆ." ಇಷ್ಟೇ ಮಾತಿಗೆ ಹಾಲ್ ತಣ್ಣಗಾಯಿತು. ಪಂದ್ಯ ಬೆಂಗಳೂರಿನದೆಂದು ತೀರ್ಪಾದಾಗ ಹಳದಿಯವರನ್ನು ಮೊದಲು ಅವರ ಬಾಗಿಲಿನಿಂದ ಹೋಗಗೊಟ್ಟು, ನಮ್ಮವರಿಗೆ ಚಹಾ ಕೊಟ್ಟು ಹತ್ತು ನಿಮಿಷ ತಡೆದೆವು. ಗೆದ್ದವನಿಗೆ ಕಾಯುವ ತಾಳ್ಮೆ ಇರುತ್ತದೆ, ಸೋತವನಿಗೆ ಇರುವುದಿಲ್ಲ.

ಮರುದಿನವೇ, ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷಗಳಿಗೆ ಬಂದ ಗೆಲುವು. ಮಲಯಾಳಿ ಮಿತ್ರರು ಬಾಳೆಕಾಯಿ ಉಪ್ಪೇರಿಯ ಪೊಟ್ಟಣ ಹಿಡಿದು ಮನೆಗೆ ಬಂದು ಕೈಕುಲುಕಿ, "ನಿನ್ನೆಯದು ಗೆಲುವಲ್ಲ, ಇವತ್ತಿನದು ಗೆಲುವು" ಎಂದರು. ಹಿಂದಿನ ವರ್ಷ ಇದೇ ಟ್ರೋಫಿಯ ಸೆಮಿಫೈನಲಿನಲ್ಲಿ ಕೇರಳ ನಮ್ಮನ್ನು 7-3ರಿಂದ ಬಡಿದದ್ದನ್ನೂ ನೆನಪಿಸಲು ಮರೆಯಲಿಲ್ಲ. ಛೆಟ್ರಿಯ ಗೋಲು ನಿಯಮಬದ್ಧವೆಂದು ನಾವು, ಅಲ್ಲವೆಂದು ಅವರು. ಕೇರಳ ತಂಡಕ್ಕೆ ನಾಲ್ಕು ಕೋಟಿ ದಂಡ ಬಿದ್ದ ಮೇಲೂ ಅವರು ಒಪ್ಪಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಫುಟ್‌ಬಾಲಿನವರೇ ಒರಟರು, ಕ್ರಿಕೆಟ್ಟಿನವರು ಸಭ್ಯರು ಎಂದು ನಮ್ಮಲ್ಲಿ ಕೆಲವರಿಗೆ ಭ್ರಮೆಯಿತ್ತು. 2025ರ ಜೂನ್ 4ರಂದು ಆ ಭ್ರಮೆ ಹರಿಯಿತು. ಹದಿನೆಂಟು ವರ್ಷಗಳ ಮೇಲೆ ಆರ್.ಸಿ.ಬಿ. ಕಪ್ ಗೆದ್ದ ಮರುದಿನ, ಸುಮಾರು 35 ಸಾವಿರ ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ ಹರಿದುಬಂದರು. ಗೇಟುಗಳ ಬಳಿ 11 ಮಂದಿ ಸತ್ತರು, ಬಹುಪಾಲು ಎಳೆಯರು. ಅಲ್ಲಿ ಎದುರಾಳಿ ಯಾರಿದ್ದರು? ಎಲ್ಲರೂ ಒಂದೇ ಬಣ್ಣದವರು, ಎಲ್ಲರೂ ಸಂತೋಷದಿಂದಿದ್ದವರು. ಊರಿನಿಂದ ದೂರವಿದ್ದು ಆ ಸುದ್ದಿ ನೋಡಿದ ನಮ್ಮ ಏಳೂ ಮನೆಗಳಲ್ಲಿ ಅಂದು ರಾತ್ರಿ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಬೆಂಗಳೂರಿನ ಎರಡು ಮನೆಯವರು ತಮ್ಮ ಮಕ್ಕಳು ಹಾಸ್ಟೆಲಿನಲ್ಲಿದ್ದಾರೆಂದು ತಿಳಿಯುವವರೆಗೆ ಊಟ ಮಾಡಲಿಲ್ಲ. ಅವರೊಂದಿಗೆ ಮೆಟ್ಟಿಲ ಮೇಲೆ ಕುಳಿತು ಕಾದವರಲ್ಲಿ ಹಳದಿ ಅಂಗಿಯ ಹುಡುಗರೂ ಇದ್ದರು.

ಅಭಿಮಾನವೆಂಬುದು ತಾನೇ ಕೆಟ್ಟದ್ದಲ್ಲ. 2024ರ ಆಗಸ್ಟಿನಲ್ಲಿ ಕಲಕತ್ತೆಯ ವೈದ್ಯೆಯ ಕೊಲೆಯಿಂದ ಊರೇ ಕುದಿಯುತ್ತಿದ್ದಾಗ ಭದ್ರತೆಯ ಕಾರಣ ಹೇಳಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಪಂದ್ಯ ರದ್ದು ಮಾಡಿದರು. ಆಗ ಆ ಎರಡೂ ತಂಡಗಳ ಅಭಿಮಾನಿಗಳು, ಜೊತೆಗೆ ಮೊಹಮ್ಮಡನ್ ತಂಡದವರೂ, ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಕೇಳಿದರು. 1980ರಲ್ಲಿ ಯಾರು ಹೊಡೆದಾಡಿದ್ದರೋ ಅವರ ಮಕ್ಕಳೇ ಇವರು.

ಹೊರನಾಡಿನಲ್ಲಿರುವ ನಮ್ಮ ಕನ್ನಡ ಕುಟುಂಬಗಳಿಗೆ ನಮ್ಮದೊಂದು ಬಿನ್ನಹ. ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗಿ, ಊರಿನ ತಂಡದ ಅಂಗಿಯನ್ನೂ ತೊಡಿಸಿ, ಗಂಟಲು ಹರಿಯುವಂತೆ ಕೂಗಲಿ. ಕುರ್ಚಿ ಹುಡುಕುವ ಮೊದಲು ಹೊರಬಾಗಿಲು ಎಲ್ಲಿದೆಯೆಂದು ಅವರಿಗೆ ತೋರಿಸಿ. ಜನ ಒತ್ತಿ ಬಂದರೆ ಗೋಲು ಬಿಟ್ಟು ಬದಿಗೆ ಸರಿಯಬೇಕೆಂದು ಹೇಳಿಕೊಡಿ. ಎದುರಿನ ಗ್ಯಾಲರಿಯಲ್ಲಿ ಕುಳಿತವನು ನಮ್ಮ ಎದುರು ಮನೆಯವನೇ ಆಗಿರಬಹುದೆಂಬ ಮಾತನ್ನೂ ಕಿವಿಯ ಮೇಲೆ ಹಾಕಿಡಿ. ಗೋಲಿನ ತೀರ್ಪು ರೆಫರಿಯದು. ನೆರೆಹೊರೆಯನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ನಮ್ಮ ಕೆಲಸ.