ಮಳೆ ಕರೆದ ಅತಿಥಿಗಳು

ಮಳೆಗಾಲವೆಂದರೆ ಹಕ್ಕಿಗಳಿಗೆ ಹಬ್ಬವೆಂದೇ ನಮ್ಮೆಲ್ಲರ ನಂಬಿಕೆ. ಹಬ್ಬವೆಂಬುದೇನೋ ನಿಜ, ಆದರೆ ಅದಕ್ಕೆ ಅವು ತೆರಬೇಕಾದ ಬೆಲೆಯನ್ನು ಬಲ್ಲವರು ವಿರಳ. ನನಗೆ ಅದು ತಿಳಿದದ್ದು ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿನಲ್ಲಿ.

17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದುದರಿಂದ ಮೂಡಿದ ನಡುಗಡ್ಡೆಗಳಿವು. ಇಲ್ಲಿಯ ಪಕ್ಷಿಸಂಪತ್ತನ್ನು ಕಾಪಾಡಬೇಕೆಂದು ಮೈಸೂರು ಮಹಾರಾಜರಿಗೆ ಅರಿಕೆ ಮಾಡಿದವರು ಸಾಲಿಂ ಅಲಿ. 1940ರಲ್ಲಿ ಇದು ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬರುವ ಹಕ್ಕಿಗಳ ಮಾತು ಬೇರೆ. ಅವು ಹೊಟ್ಟೆಪಾಡಿಗಾಗಿ ಬಂದು ಮರಳುವಂಥವು. ಜೂನ್ ತಿಂಗಳ ಹೊತ್ತಿಗೆ ಇಲ್ಲಿ ಸೇರುವ ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿಗಳು ನಮ್ಮ ದೇಶದ ಕೆರೆಬಯಲುಗಳಲ್ಲೇ ಮಳೆಯ ಜಾಡು ಹಿಡಿದು ಅಲೆಯುವ ವಲಸೆಗಾರರು. ಅವು ಬರುವುದು ಸಂಸಾರ ಹೂಡುವುದಕ್ಕೆ. ಮಳೆ ಬಿದ್ದರೆ ಗದ್ದೆಗಳಲ್ಲಿ ಬಸವನಹುಳು, ಕಪ್ಪೆ, ಮೀನುಮರಿಗಳು ಸಮೃದ್ಧ. ಮರಿಗಳ ಹಸಿವಿಗೆ ಅದೇ ಕಣಜ.

2018ರ ಜುಲೈನಲ್ಲಿ ನಾನು ಹೋದಾಗ ಹೊಳೆ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ದೋಣಿವಿಹಾರ ನಿಂತಿತ್ತು. ದಡದಿಂದಲೇ ನೋಡಿದೆ: ತಗ್ಗಿನ ಪೊದೆಯ ಮೇಲೆ ಬಾಯ್ಕಳಕವೊಂದು ರೆಕ್ಕೆಗಳನ್ನು ಕೊಡೆಯಂತೆ ಹರಡಿ, ಮರಿಗಳನ್ನು ಮರೆಮಾಡಿಕೊಂಡು ಸುರಿಮಳೆಯಲ್ಲಿ ಅಲುಗದೆ ನಿಂತಿತ್ತು. ಬಲಿತ ಹಕ್ಕಿಯ ಗರಿಗೆ ನೀರು ಸುಲಭವಾಗಿ ಇಳಿಯದು. ಮರಿಯ ತುಪ್ಪಳ ನೆನೆದರೆ ಚಳಿಯೇ ಮೃತ್ಯು. ಒಂದು ಕಾವಲಿಗೆ ನಿಂತರೆ ಅದರ ಜೊತೆಗಾರ ಆಹಾರ ತರಬೇಕು. ಕಲಕಿದ ತುಂಬುನೀರಿನಲ್ಲಿ ಬಸವನಹುಳು ಸಿಕ್ಕುವುದೆಂತು? ಹೊಳೆಯ ನೀರೋ, ಗೂಡಿಗೆ ಗೇಣುದ್ದ ಕೆಳಗಿತ್ತು.

"ಕನ್ನಂಬಾಡಿ ತುಂಬೈತೆ ಸ್ವಾಮಿ. ಇನ್ನೊಂದಷ್ಟು ನೀರು ಬುಟ್ರೆ ಆ ಗೂಡು ಉಳಿಯಕ್ಕಿಲ್ಲ" ಎಂದ, ಪಕ್ಕದಲ್ಲಿ ನಿಂತಿದ್ದ ಅಂಬಿಗ.

ಆ ಮಳೆಗಾಲದಲ್ಲಿ ತಗ್ಗಿನ ನಡುಗಡ್ಡೆಗಳು ಮುಳುಗಿದವು. ಮರುವರ್ಷ, 2019ರ ಆಗಸ್ಟಿನಲ್ಲಿ, ಮತ್ತೆ ನೆರೆ ಬಂತು. ಯಾರನ್ನು ದೂಷಿಸೋಣ? ಕೊಡಗಿನಲ್ಲಿ ಮಳೆ ಹುಯ್ದರೆ ಕಟ್ಟೆ ತುಂಬುತ್ತದೆ. ತುಂಬಿದ ಕಟ್ಟೆಯ ಬಾಗಿಲು ತೆರೆಯದೆ ವಿಧಿಯಿಲ್ಲ. ಆ ನೀರಿನಿಂದಲೇ ಮಂಡ್ಯದ ಗದ್ದೆಗಳು ಹಸಿರಾಗುತ್ತವೆ, ಬೆಂಗಳೂರಿನ ಬಾಯಾರಿಕೆ ತಣಿಯುತ್ತದೆ. ಮಳೆ ತಪ್ಪಿದರೆ ಹಕ್ಕಿಗೆ ಗೂಡಿಲ್ಲ, ಮಿತಿಮೀರಿದರೂ ಗೂಡಿಲ್ಲ. ಆದರೂ ಮುಂದಿನ ಮುಂಗಾರಿಗೆ ಅವು ಕಡ್ಡಿ ಕಚ್ಚಿಕೊಂಡು ಮರಳಿ ಬರುತ್ತವೆ.

ಮಳೆಯನ್ನು ಅಳೆದು ಸುರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಹೊಳೆಯಂಚಿನ ಹಿರಿಯ ಮರಗಳಿಗೆ ಕೊಡಲಿ ತಾಕದಂತೆ ನೋಡಿಕೊಳ್ಳಬಹುದು. ನೆರೆ ಮುಟ್ಟದ ಎತ್ತರದಲ್ಲಿ ಕೊಂಬೆಯೊಂದು ಉಳಿದರೆ, ಒಂದು ಗೂಡಾದರೂ ಉಳಿದೀತು.