ಚಿತ್ರಸಂತೆಯಲ್ಲಿ ಚೌಕಾಸಿ

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಚಿತ್ರಗಳಿಗೆ ಜಾಗ ಬಿಡುತ್ತಾರೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನನಗೆ ಇಷ್ಟವಾಗುವುದು ಒಂದೇ ಕಾರಣಕ್ಕೆ: ಚಿತ್ರ ಬರೆದವರೇ ಅದರ ಪಕ್ಕದಲ್ಲಿ ಕೂತಿರುತ್ತಾರೆ. ನಡುವೆ ಗ್ಯಾಲರಿಯೂ ಇಲ್ಲ, ದಲ್ಲಾಳಿಯೂ ಇಲ್ಲ. ಈ ಬಣ್ಣ ಯಾಕೆ, ಎಷ್ಟು ದಿನ ಹಿಡಿಯಿತು ಎಂದು ನೇರವಾಗಿ ಕೇಳಬಹುದು. 2021ರಲ್ಲಿ ಕೊರೊನಾದಿಂದಾಗಿ ಸಂತೆ ಆನ್‌ಲೈನ್‌ಗೆ ಹೋದಾಗ ತಪ್ಪಿಹೋದದ್ದು ಈ ಮಾತುಕತೆಯೇ.

ಆದರೆ ಅಲ್ಲಿ ನಡೆಯುವ ಚೌಕಾಸಿ ನೋಡಿದರೆ ಸಂಕಟವಾಗುತ್ತದೆ. ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರವನ್ನು ಸೊಪ್ಪಿನ ಕಟ್ಟಿನಂತೆ ಅರ್ಧ ಬೆಲೆಗೆ ಕೇಳುತ್ತಾರೆ. ಬಿಹಾರದ ಮಧುಬನಿಯನ್ನೂ ಹಾಗೆಯೇ. ಕ್ಯಾನ್ವಾಸು, ಬಣ್ಣ, ಚೌಕಟ್ಟು, ಬಸ್ಸು ರೈಲಿನ ಖರ್ಚು, ಎಲ್ಲ ಕಲಾವಿದರ ಕೈಯಿಂದಲೇ ಹೋಗಿರುತ್ತದೆ. ಬೆಳಗಿನಿಂದ ಬಿಸಿಲಲ್ಲಿ ಕೂತದ್ದಕ್ಕಂತೂ ಲೆಕ್ಕವೇ ಇಲ್ಲ.

ದುಡ್ಡಿಲ್ಲದಿದ್ದರೆ ಕೊಳ್ಳಲೇಬೇಕೆಂದಿಲ್ಲ, ನಿಂತು ನೋಡುವುದೂ ಮರ್ಯಾದೆಯೇ. ಕೊಳ್ಳುವ ಮನಸ್ಸಿದ್ದರೆ ಅಂಗೈಯಗಲದ ಜಲವರ್ಣಗಳೂ ಅಲ್ಲಿ ಸಿಗುತ್ತವೆ. ಹೆಸರು ಮಾಡದ ಹುಡುಗ ಹುಡುಗಿಯರ ಹತ್ತಿರವೂ ಹೋಗಿ, ಕೇಳಿದ ಬೆಲೆ ಕೊಡಿ. ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆಸಿಕೊಳ್ಳಿ. ಮನೆಗೆ ತಂದಮೇಲೆ ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ, ಜಲವರ್ಣ ಬೇಗ ಮಾಸುತ್ತದೆ.