ಐದು ಊರು ಸುತ್ತಿ ಒಂದು ವೀಸಾ

ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವ ತಾಲ್ಲೂಕುಗಳು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ. ಈ ಸೀಮೆಗೆ ಹೊರಗಿನ ಜನ ಬರುವುದು ಹೊಸದೇನಲ್ಲ. ಕೊಟ್ಟೂರೇಶ್ವರನ ತೇರಿಗೆ ದೂರದೂರುಗಳಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಮೈಲಾರದ ಕಾರಣಿಕ ಕೇಳಲು ಲಕ್ಷಾಂತರ ಮಂದಿ ಸೇರುತ್ತಾರೆ. ಆದರೆ ಇಲ್ಲಿಂದ ಒಬ್ಬ ಹೆಣ್ಣುಮಗಳು ವಿಜ್ಞಾನ ಸಮ್ಮೇಳನವೊಂದಕ್ಕಾಗಿ ಪರದೇಶಕ್ಕೆ ಹೊರಟಾಗ ಏನೇನು ಅಣಿಗೊಳಿಸಬೇಕಾಗುತ್ತದೆ ಎಂಬುದನ್ನು, ನಮ್ಮ ಅಣ್ಣನ ಮಗಳ ಜೊತೆಯಲ್ಲಿ ಈ ಐದೂ ಊರುಗಳನ್ನು ಸುತ್ತಿ ಕಂಡುಕೊಂಡೆ. ಮಕ್ಕಳನ್ನು ಓದಿಸುತ್ತಿರುವ ಮನೆಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಹೊಸಪೇಟೆಯಿಂದ ಹರಿಹರದ ಕಡೆಗೆ ಸಾಗುವ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಹಾದುಹೋಗುತ್ತದೆ. ನಾವು ಮೊದಲು ಇಳಿದದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಆ ತಾಲ್ಲೂಕಿನ ಅಂಕಸಮುದ್ರವೇ ಅವಳ ಸಂಶೋಧನೆಯ ಕ್ಷೇತ್ರ. ಹಿಂದಿನವರು ಹೊಲಗಳ ನೀರಾವರಿಗೆಂದು ಕಟ್ಟಿದ ಕೆರೆಯದು, ವಿಸ್ತೀರ್ಣ 98.76 ಹೆಕ್ಟೇರು. ನೀರಿನ ನಡುವೆ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಸರ್ಕಾರ ಇದನ್ನು ಪಕ್ಷಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಜೌಗು ಪ್ರದೇಶಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವೊಂದು ಏರ್ಪಟ್ಟಿತಷ್ಟೆ. ಆ ಒಪ್ಪಂದದ ಪಟ್ಟಿಗೆ 2024ರಲ್ಲಿ ಅಂಕಸಮುದ್ರದ ಹೆಸರೂ ಸೇರಿತು. ಹಳ್ಳಿಯ ಕೆರೆಯೊಂದು ಜಗತ್ತಿನ ಲೆಕ್ಕಕ್ಕೆ ಬಂದದ್ದು ಹೀಗೆ.

ಕೆರೆಯ ಹೆಸರು ಪರದೇಶ ತಲುಪಿದರೂ ಕೆರೆಯನ್ನು ಬಲ್ಲವರು ತಲುಪುವುದು ಅಷ್ಟು ಸುಲಭವಲ್ಲ. ಯುರೋಪಿನ ಸಮ್ಮೇಳನದವರು ಅವಳ ಪ್ರಬಂಧವನ್ನು ಸ್ವೀಕರಿಸಿ ಆಹ್ವಾನ ಕಳಿಸಿದ್ದರು. ಇನ್ನು ಬೇಕಾದದ್ದು ಷೆಂಗೆನ್ ವೀಸಾ. ಅದು ದೊರೆಯದಿದ್ದರೆ ಈ ಕೆರೆಯ ಮಾತನ್ನು ಕೆರೆ ನೋಡದವರು ಆಡುವರು, ಇಲ್ಲವೇ ಯಾರೂ ಆಡರು.

ಕೊಟ್ಟೂರಿನಲ್ಲಿ ಅವಳು ಓದಿದ ಶಾಲೆಯ ದಾಖಲೆಗಳನ್ನು ತೆಗೆಸಿದೆವು. ಅಲ್ಲಿ ಮೊದಲ ತೊಡಕು ಕಾಣಿಸಿತು. ನಮ್ಮ ಕಡೆ ಮನೆತನದ ಹೆಸರನ್ನೂ ತಂದೆಯ ಹೆಸರನ್ನೂ ಎರಡು ಅಕ್ಷರಗಳಿಗೆ ಇಳಿಸಿ ಹೆಸರಿನ ಮುಂದೆ ಬರೆಯುವುದು ರೂಢಿ. ಅಂಕಪಟ್ಟಿಯಲ್ಲಿ ಹಾಗೆಯೇ ಇತ್ತು. ಪಾಸ್‌ಪೋರ್ಟಿನಲ್ಲಾದರೋ ಇನಿಷಿಯಲ್‌ಗಳಿಗೆ ಎಡೆಯಿಲ್ಲ, ಪೂರ್ಣ ಹೆಸರನ್ನೇ ಬರೆಯಬೇಕು. ಸಮ್ಮೇಳನದ ಪತ್ರ ಅಂಕಪಟ್ಟಿಯ ಹೆಸರಿಗೆ ಬಂದಿತ್ತು. ಸಂಘಟಕರಿಗೆ ಬರೆದು, ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಹೊಂದುವ ಹೊಸ ಪತ್ರ ತರಿಸಿಕೊಂಡಳು. ಬಜಾರಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಅವಳೆಂದಳು: "ಕಾಕಾ, ನಾನು ಒಬ್ಬಳೇ. ಕಾಗದದಲ್ಲಿ ಮಾತ್ರ ಇಬ್ಬರಾಗಿದ್ದೆ."

ಹರಪನಹಳ್ಳಿ ಅವಳ ತಾಯಿಯ ತವರು. ಅವಳು ಹುಟ್ಟಿದ್ದು ಅಲ್ಲಿಯೇ, 1998ರಲ್ಲಿ. ಜನನ ಪ್ರಮಾಣಪತ್ರದಲ್ಲಿ ದಾವಣಗೆರೆ ಜಿಲ್ಲೆ ಎಂದಿದೆ. ಏಕೆಂದರೆ 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ಅದಕ್ಕೆ ಸೇರಿಸಲಾಗಿತ್ತು. ಮುಂದೆ ಅದು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಅದರ ಪಾಲಾಯಿತು. ಕೊಟ್ಟೂರಿನ ಕಥೆಯೂ ಹೀಗೆಯೇ. ಶಾಲೆಯ ದಾಖಲೆಯಲ್ಲಿ ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಇಂದಿನ ವಿಳಾಸದಲ್ಲಿ ಕೊಟ್ಟೂರು ತಾಲ್ಲೂಕು, ವಿಜಯನಗರ ಜಿಲ್ಲೆ. ಸಾಲದ್ದಕ್ಕೆ 2014ರಲ್ಲಿ ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಊರು ಇದ್ದಲ್ಲೇ ಇದೆ, ಮನೆಯೂ ಇದ್ದಲ್ಲೇ ಇದೆ. ಒಬ್ಬಳೇ ಮಗಳ ಕಾಗದಗಳಲ್ಲಿ ಮಾತ್ರ ಮೂರು ಜಿಲ್ಲೆಗಳು! 1953ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದು ಮೈಸೂರು ರಾಜ್ಯಕ್ಕೆ ಬಂದ ನಾಡಿನವರಿಗೆ ಇದು ಸಹಜವೆನಿಸಬಹುದು. ಪರದೇಶದ ಅಧಿಕಾರಿಗೆ ಅದು ತಿಳಿಯುವುದು ಹೇಗೆ? ಅರ್ಜಿಯೊಡನೆ ಲಗತ್ತಿಸುವ ವಿವರಣಾ ಪತ್ರದಲ್ಲಿ ಜಿಲ್ಲೆಗಳು ಬದಲಾದ ಬಗೆಯನ್ನು ನಾಲ್ಕು ಸಾಲುಗಳಲ್ಲಿ, ಇಸವಿ ಸಹಿತ ಬರೆದೆವು.

ಹರಪನಹಳ್ಳಿಯಿಂದ ಬಸ್ಸಿನಲ್ಲಿ ಹಡಗಲಿಗೆ ಹೋದೆವು. ಈ ಊರಿನ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರ ಹುಟ್ಟಿದೂರನ್ನು ಸರ್ಕಾರವೇ ಬರೆದುಕೊಟ್ಟಿದೆ. ಮನುಷ್ಯರಿಗೆ ಅಂಥ ಒಂದೇ ಚೀಟಿ ಸಾಲದು. ಅಣ್ಣ ಅಲ್ಲಿ ಶಿಕ್ಷಕ. ಆತನ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕಪತ್ರ, ಆದಾಯ ತೆರಿಗೆಯ ವಿವರ, ಮಗಳ ಖರ್ಚನ್ನು ತಾನು ಭರಿಸುವೆನೆಂಬ ಪತ್ರ ಇವಿಷ್ಟನ್ನೂ ಪಡೆದೆವು. ವಿಶ್ವವಿದ್ಯಾಲಯದ ನಿರಾಕ್ಷೇಪಣಾ ಪತ್ರ, ಹೋಗಿಬರುವ ವಿಮಾನದ ಕಾಯ್ದಿರಿಸುವಿಕೆ, ತಂಗುವ ಸ್ಥಳದ ಪುರಾವೆ, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇವೂ ಬೇಕು. ಪಾಸ್‌ಪೋರ್ಟು ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ಮರಳುವ ದಿನದಿಂದ ಮುಂದೆ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡ ಮಾಡಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ ನಲವತ್ತೈದು ದಿನ ಹಿಡಿಯುತ್ತದೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ವಿಜ್ಞಾನ ಸಮ್ಮೇಳನಕ್ಕೆ ಹೋಗುವ ಸಂಶೋಧಕರಿಗೆ ಈ ಶುಲ್ಕದಿಂದ ವಿನಾಯಿತಿ ಇರುವುದು ಬಹಳ ಮಂದಿಗೆ ಗೊತ್ತಿಲ್ಲ. ಅರ್ಹತೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕೊನೆಗೆ ಕೂಡ್ಲಿಗಿ. ಈ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ತಂದೆಯವರು ಒಣಬೇಸಾಯದ ಹೊಲ ಇಟ್ಟುಕೊಂಡಿದ್ದಾರೆ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಬೀಳು. ಊರಿಗೆ ಮರಳುವ ನಂಟಿಗೆ ಸಾಕ್ಷಿಯೆಂದು ಆ ಹೊಲದ ಪಹಣಿ ಮತ್ತು ನಾಡಕಚೇರಿಯ ವಂಶವೃಕ್ಷವನ್ನು ತೆಗೆಸಿ, ಇಂಗ್ಲಿಷಿಗೆ ಅನುವಾದಿಸಿ ನೋಟರಿಯ ಮುದ್ರೆ ಹಾಕಿಸಿದೆವು. ಅದನ್ನು ಕೇಳಿ ಮುದುಕರಿಗೆ ಸೋಜಿಗವಾಯಿತು. "ಅಲ್ಲಪ್ಪಾ, ಮೊಮ್ಮಗಳು ಮನೆಗೆ ತಿರುಗಿ ಬರ್ತಾಳೆ ಅನ್ನೋದಕ್ಕೂ ಪಹಣಿ ಬೇಕೇನು?" ಎಂದರು.

ಬೇಕು. ವೀಸಾ ನಿರಾಕರಣೆಗೆ ಕೊಡುವ ಕಾರಣಗಳಲ್ಲಿ 'ಅರ್ಜಿದಾರರು ಮರಳುವರೆಂಬುದರಲ್ಲಿ ಸಂಶಯವಿದೆ' ಎಂಬುದೂ ಒಂದು. ಮದುವೆಯಾಗದ, ಸಂಬಳದ ನೌಕರಿಯಿಲ್ಲದ, ಸ್ವಂತ ಹೆಸರಿನಲ್ಲಿ ಆಸ್ತಿಯಿಲ್ಲದ ಸಂಶೋಧನಾ ವಿದ್ಯಾರ್ಥಿನಿಯ ಬಗ್ಗೆ ಈ ಸಂಶಯ ಸುಲಭವಾಗಿ ಮೂಡೀತು. ಅಜ್ಜನ ಹೊಲ ಅಜ್ಜನದೇ ಹೊರತು ಅವಳದಲ್ಲ. ಇದನ್ನು ಯೋಚಿಸಿಯೇ ಅವಳು ವಿವರಣಾ ಪತ್ರದ ಕೊನೆಗೆ ಒಂದು ಮಾತು ಸೇರಿಸಿದಳು. ಬರುವ ಚಳಿಗಾಲದಲ್ಲಿ ಅಂಕಸಮುದ್ರದ ಗೂಡುಗಳ ಎಣಿಕೆ ನಡೆಯಬೇಕಾಗಿದೆ, ಆ ಎಣಿಕೆಯಿಲ್ಲದೆ ತನ್ನ ಸಂಶೋಧನೆ ಪೂರ್ಣವಾಗದು, ಆದ್ದರಿಂದ ತಾನು ಮರಳಲೇಬೇಕು ಎಂದು. ಅದಕ್ಕೆ ಮಾರ್ಗದರ್ಶಕರ ದೃಢೀಕರಣವನ್ನೂ ಜೋಡಿಸಿದಳು. ನನ್ನ ಮಟ್ಟಿಗೆ ಆ ಕಡತದಲ್ಲಿದ್ದ ಅತ್ಯಂತ ಗಟ್ಟಿಯಾದ ಕಾಗದ ಅದೇ. ಆಸ್ತಿ ಮನುಷ್ಯನನ್ನು ಕರೆಯುತ್ತದೆ, ನಿಜ; ಅರ್ಧಕ್ಕೆ ನಿಂತ ಕಾಯಕ ಅದಕ್ಕಿಂತ ಜೋರಾಗಿ ಕರೆಯುತ್ತದೆ.

ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು, ಭಾವಚಿತ್ರಗಳನ್ನು ಕೊಟ್ಟು ಬಂದಳು. ಎರಡು ವಾರಗಳೊಳಗೆ ವೀಸಾ ಬಂತು. ಎಲ್ಲರಿಗೂ ಹೀಗೆಯೇ ಆಗುವುದೆಂದು ಹೇಳಲಾರೆ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡುತ್ತಾರೆ, ಮೇಲ್ಮನವಿಗೂ ಅವಕಾಶವಿದೆ.

ಮಕ್ಕಳು ಪದವಿ ತರಗತಿಯಲ್ಲಿರುವಾಗಲೇ ತಂದೆತಾಯಿಗಳು ಎರಡು ಕೆಲಸ ಮಾಡಬೇಕೆಂದು ನನ್ನ ವಿನಂತಿ. ಜನನ ಪತ್ರ, ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟುಗಳಲ್ಲಿ ಹೆಸರು ಒಂದೇ ಇದೆಯೇ ಎಂದು ನೋಡಿ ಸರಿಪಡಿಸಿಡಿ. ತಾಲ್ಲೂಕು, ಜಿಲ್ಲೆಗಳು ಬೇರೆಯಾದ ಬಗೆಯನ್ನು ಒಂದು ಹಾಳೆಯಲ್ಲಿ ಬರೆದು ಅವುಗಳ ಜೊತೆಗಿಡಿ. ಕರೆ ಯಾವಾಗ ಬರುವುದೋ ಹೇಳಲಾಗದು. ಬಂದಾಗ ನಮ್ಮ ಕೆರೆ, ನಮ್ಮ ಹೊಲ, ನಮ್ಮ ಹಕ್ಕಿಗಳ ಸಂಗತಿಯನ್ನು ನಮ್ಮ ಮಕ್ಕಳೇ ಎದ್ದು ನಿಂತು ಹೇಳುವಂತಾಗಲಿ.